ಶಹಾಬಾದಿನ ಸ್ಟುಡಿಯೊಗೆ ಯಾವ ಕಾಲದ ಐಮ್ಯಾಕ್?

ಪ್ರಶ್ನೆ: ಶಹಾಬಾದಿನಾಗ ನನ್ನದೊಂದು ಫೋಟೊ ಸ್ಟುಡಿಯೊ ಅದ ರೀ. ಮದುವೆ ಆಲ್ಬಂ ಮುಖ್ಯ ಕೆಲಸ, ಸೀಸನ್ನಿನಾಗ ಲಗ್ನಪತ್ರಿಕೆನೂ ಮಾಡ್ತೀನಿ. ಪತ್ರಿಕೆ ಎಲ್ಲಾ ಹಳೇ ವಿಂಡೋಸ್ ಪಿಸಿ ಮ್ಯಾಲೆ, ಪುಟ ಜೋಡಿಸೋ ಪೇಜ್‌ಮೇಕರ್ ಮತ್ತ ಕನ್ನಡ ಟೈಪ್ ಮಾಡೋ ನುಡಿ ಒಳಗ. ಈಗ ಆಲ್ಬಂ ಸಲುವಾಗಿ ಐಮ್ಯಾಕ್ ತೊಗೋಬೇಕಂತ ಮಾಡೀನಿ. ಸಿಕಂದರಾಬಾದಿನ ವ್ಯಾಪಾರಿ ಒಬ್ಬರು 27 ಇಂಚಿನವು ಮೂರು ತೋರ್ಸ್ಯಾರ. 2013ರದು 28 ಸಾವಿರ, 2017ರದು 48 ಸಾವಿರ, 2020ರದು 85 ಸಾವಿರ. ಹೊಸಾ ಎಂ4, 24 ಇಂಚಿಂದು, 1,34,900 ಅಂತಾರ. ಹಳೇ ಮೂರೂ ಹೊರಗಿಂದ ಒಂದೇ ಥರ ಕಾಣ್ತಾವ. ಮತ್ತ ರೇಟಿನಾಗ ಇಷ್ಟು ಫರಕ್ ಯಾಕ? ಯಾವ್ದು ತೊಗೊಳ್ಳಿ?

ಉತ್ತರ: 2013ರದನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. 2017ರದನ್ನೂ ತೆಗೆಯಿರಿ, ಅದರ ಪರದೆ ನೋಡಿ ಮನಸ್ಸು ಸೋತರೂ ಸರಿ. ಉಳಿಯುವುದು 2020ರದು ಮತ್ತು ಹೊಸ ಎಂ4, ಅಂದರೆ ಇಂಟೆಲ್ ಬದಲು ಆ್ಯಪಲ್ ಕಂಪನಿಯದೇ ‘ಎಂ’ ಸರಣಿಯ ಚಿಪ್ ಇರುವ ಐಮ್ಯಾಕ್. ಅವೆರಡರ ಮಧ್ಯೆ ಯಾಕೆ ಎಂ4 ಕಡೆಗೇ ವಾಲುತ್ತೇನೆ ಎಂದು ಬಿಡಿಸಿ ಹೇಳುತ್ತೇನೆ. ಕಲಬುರಗಿಯಲ್ಲಿ ಇಂಥ ಯಂತ್ರಗಳನ್ನು ಬಿಚ್ಚಿ ಕೂಡಿಸುವ ಕೆಲಸ ಮಾಡುತ್ತ ಬಂದವನು ನಾನು. ನಿಮ್ಮ ಪ್ರಶ್ನೆ ವೇಗದ ಬಗ್ಗೆ ಇದ್ದಂತೆ ಕಾಣುತ್ತದೆ, ಆದರೆ ನನ್ನ ಕಣ್ಣು ಮೊದಲು ಹೋಗುವುದು ಸ್ಕ್ರೂ ಕಡೆಗೆ.

ಎಲ್ಲ ಒಂದರಲ್ಲೇ ಇರುವ ಕಂಪ್ಯೂಟರಿನ ಸಂಕಟ ಇದು: ಪರದೆ ನಿಧಾನ ಮುಪ್ಪಾಗುತ್ತದೆ, ಒಳಗಿನ ಹೊಟ್ಟೆ ಬೇಗ ಮುಪ್ಪಾಗುತ್ತದೆ, ಎರಡೂ ಒಂದೇ ಮೈಗೆ ಅಂಟಿಕೊಂಡಿರುತ್ತವೆ. ಸಾಮಾನ್ಯ ಪಿಸಿಯಲ್ಲಿ ಡಬ್ಬ ಹಳತಾದರೆ ಡಬ್ಬ ಬದಲಿಸಿ, ಮಾನಿಟರ್ ಉಳಿಸಿಕೊಳ್ಳುತ್ತೀರಿ. ಐಮ್ಯಾಕಿನಲ್ಲಿ ಆ ದಾರಿ ಇಲ್ಲ. ಹಾಗಾಗಿ ಯಾವ ಕಾಲದ ಐಮ್ಯಾಕಿನಲ್ಲಿ ಏನನ್ನು ಬದಲಿಸಬಹುದು ಅನ್ನುವುದೇ ಅದರ ಆಯುಷ್ಯ.

1998ರಲ್ಲಿ ಮೊದಲ ಐಮ್ಯಾಕ್ ಬಂದಾಗ ಅದು 15 ಇಂಚಿನ ಪಿಕ್ಚರ್ ಟ್ಯೂಬಿನ, ಹಿಂದೆ ಹಿಡಿಕೆಯಿದ್ದ, ನೀಲಿ ಬಣ್ಣದ ಗುಂಡು ಯಂತ್ರ. 233 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ರ್‍ಯಾಮ್, 4 ಜಿಬಿ ಹಾರ್ಡ್ ಡಿಸ್ಕ್. ಫ್ಲಾಪಿ ಡ್ರೈವ್ ಇಲ್ಲ, ಎಲ್ಲಕ್ಕೂ ಯುಎಸ್‌ಬಿ. ಕನ್ನಡಿಗರ ಕಂಪ್ಯೂಟರಿಗೆ ಕನ್ನಡ ಬರೆಯುವ ‘ಬರಹ’ ತಂತ್ರಾಂಶ ಬಂದದ್ದೂ ಅದೇ 1998ರಲ್ಲಿ, ವಿಂಡೋಸ್ ಮೇಲೆ. ನಮ್ಮ ಕಡೆಯ ಡಿಟಿಪಿ ಅಂಗಡಿಗಳು ಯಾವ ದಾರಿ ಹಿಡಿದವು ಅನ್ನುವುದು ಆವಾಗಲೇ ತೀರ್ಮಾನವಾಗಿತ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

2002ರಲ್ಲಿ ಅರ್ಧಗೋಲದ ಮೇಲೆ ಕೋಲು, ಕೋಲಿನ ತುದಿಗೆ ತೆಳು ಪರದೆ. 2004ರಲ್ಲಿ ಬಂದ ಜಿ5 ನನಗೆ ಈಗಲೂ ಅಚ್ಚುಮೆಚ್ಚು. ಕಂಪ್ಯೂಟರನ್ನು ಪರದೆಯ ಬೆನ್ನಿಗೇ ಕೂರಿಸಿದ ಮೊದಲ ಐಮ್ಯಾಕ್ ಅದು. ಮುಖ ಕೆಳಗೆ ಮಾಡಿ ಮಲಗಿಸಿ, ಕೆಳ ಅಂಚಿನ ಮೂರು ಸ್ಕ್ರೂ ಸಡಿಲಿಸಿದರೆ ಬೆನ್ನೇ ಎದ್ದು ಬರುತ್ತಿತ್ತು. ರ್‍ಯಾಮ್, ಡಿಸ್ಕ್, ಪವರ್ ಸಪ್ಲೈ ಎಲ್ಲ ಕಣ್ಣೆದುರು. ಬಳಸುವವನೇ ಬಿಚ್ಚಲಿ ಎಂದು ಮಾಡಿದ ವಿನ್ಯಾಸ. ಅಲ್ಲಿಂದ ಇಲ್ಲಿಗೆ ಬರುತ್ತ ಬರುತ್ತ ಒಂದೊಂದೇ ಬಾಗಿಲು ಮುಚ್ಚಿದೆ.

2006ರಲ್ಲಿ ಇಂಟೆಲ್ ಪ್ರೊಸೆಸರ್, 2007ರಲ್ಲಿ ಅಲ್ಯೂಮಿನಿಯಂ ಮೈ, 2009ರ ಕೊನೆಗೆ 27 ಇಂಚು. 2011ರವರೆಗಿನವಕ್ಕೆ ಎದುರಿನ ಗಾಜು ಅಯಸ್ಕಾಂತದಲ್ಲಿ ನಿಂತಿರುತ್ತಿತ್ತು. ರಬ್ಬರ್ ಬಟ್ಟಲು ಅಂಟಿಸಿ ಎಳೆದರೆ ಬರುತ್ತಿತ್ತು, ಕೆಲಸ ಮುಗಿಸಿ ಇಟ್ಟರೆ ಟಕ್ಕನೆ ಕೂರುತ್ತಿತ್ತು. ಗಾಜಿಗೂ ಪರದೆಗೂ ನಡುವೆ ಸಂದಿಯಿತ್ತು, ಧೂಳು ಒಳಗೆ ಹೋಗಿ ಕೂರುವ ತೊಂದರೆಯಿತ್ತು, ಆದರೆ ಒರೆಸಲು ಬರುತ್ತಿತ್ತು.

2012ರ ಕೊನೆಗೆ ಬಂದದ್ದು ನಿಮಗೆ ತೋರಿಸಿದ ಆಕಾರ. ಅಂಚು 5 ಮಿಲಿಮೀಟರ್. ಸಿಡಿ ಡ್ರೈವ್ ಹೋಯಿತು. ಗಾಜು ಮತ್ತು ಪರದೆ ಒಂದಾದವು, ಆ ಇಡೀ ಹಲಗೆಯನ್ನು ಮೈಗೆ ಅಂಟಿನ ಪಟ್ಟಿಯಿಂದ ಅಂಟಿಸಿದರು. ಬಿಚ್ಚಬೇಕೆಂದರೆ ತೆಳುವಾದ ಚಕ್ರದಂಥ ಉಪಕರಣದಿಂದ ಅಂಟು ಕೊಯ್ಯಬೇಕು, ಮುಚ್ಚುವಾಗ ಹೊಸ ಪಟ್ಟಿ ಹಾಕಬೇಕು. ಕೈ ಸ್ವಲ್ಪ ಜಾರಿದರೂ ಪರದೆ ಸೀಳುತ್ತದೆ, ಪರದೆ ಹೋದರೆ ಯಂತ್ರದ ಬೆಲೆಯೇ ಹೋದಂತೆ. 2020ರವರೆಗೂ ಇದೇ ಮೈ. ನಿಮಗೆ ಮೂರೂ ಒಂದೇ ಥರ ಕಂಡದ್ದು ಅದಕ್ಕೇ. ಫರಕ್ ಇರುವುದು ಒಳಗೆ.

ಮೊದಲು ಪರದೆ. 2013ರದು 2560×1440 ಪಿಕ್ಸೆಲ್. 2014ರ ಅಕ್ಟೋಬರ್ 16ರಂದು ಆ್ಯಪಲ್ 5ಕೆ ಪರದೆಯ ಐಮ್ಯಾಕ್ ತೋರಿಸಿತು: 5120×2880, ಅಂದರೆ ಹಳೆಯದರ ಸರಿಯಾಗಿ ನಾಲ್ಕು ಪಟ್ಟು. ನಮ್ಮ ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು ಅದಾದ ಹದಿನಾರನೇ ದಿನಕ್ಕೆ, ನವೆಂಬರ್ 1ಕ್ಕೆ. ಹಾಗಾಗಿ ಈ ತಾರೀಖು ನನಗೆ ಮರೆಯುವುದಿಲ್ಲ.

ನಿಮ್ಮ ಕೆಲಸಕ್ಕೆ ಇದರ ಅರ್ಥ ಏನು? 12×36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಒಂದು ಶೀಟು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 10,800×3,600 ಪಿಕ್ಸೆಲ್. ಅದನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆದರೆ 2013ರ ಪರದೆಯಲ್ಲಿ ಉದ್ದದ ಕಾಲು ಭಾಗವೂ ಕಾಣುವುದಿಲ್ಲ. 5ಕೆಯಲ್ಲಿ ಹೆಚ್ಚು ಕಡಿಮೆ ಅರ್ಧ ಕಾಣುತ್ತದೆ. ಹುಡುಗಿಯ ತಾಯಿ, ಸೋದರತ್ತೆ ಎದುರಿಗೆ ಕುಳಿತು ‘ಈ ಫೋಟೊ ಬ್ಯಾಡ, ಆ ಫೋಟೊ ಹಾಕ್ರಿ’ ಎನ್ನುವಾಗ ಈ ಅರ್ಧಕ್ಕೆ ಬೆಲೆಯಿದೆ. ಅಲ್ಲೇ ಕಣ್ಣಿನ ರೆಪ್ಪೆ ಚೂಪಾಗಿದೆಯೋ ಇಲ್ಲವೋ ಕಂಡುಹೋಗುತ್ತದೆ, ಮತ್ತೆ ಪ್ರಿಂಟ್ ಹಾಕಿಸುವ ಪ್ರಸಂಗ ಬರುವುದಿಲ್ಲ. ಎಂ4ರ ಪರದೆ ಹೆಸರಿಗೆ 24, ಅಳತೆಗೆ 23.5 ಇಂಚು, 4480×2520. ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ನೋಡಿದರೆ 5ಕೆಗೂ ಇದಕ್ಕೂ ಒಂದೇ, 218. ಚೂಪಿನಲ್ಲಿ ಕಳೆದುಕೊಳ್ಳುವುದೇನಿಲ್ಲ, ಜಾಗ ಸ್ವಲ್ಪ ಕಡಿಮೆ.

2015ರ ಕೊನೆಯಿಂದ ಈ ಹೈ-ರೆಸಲ್ಯೂಷನ್ ಪರದೆಗಳು ಪಿ3 ಅನ್ನುವ ದೊಡ್ಡ ಬಣ್ಣದ ವ್ಯಾಪ್ತಿಗೆ ಬಂದಿವೆ. ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆಲ್ಬಂ ಲ್ಯಾಬುಗಳು ಸಾಮಾನ್ಯವಾಗಿ ಕೇಳುವುದು ಪಿ3ಗಿಂತ ಸಣ್ಣ ಬಣ್ಣದ ವ್ಯಾಪ್ತಿಯ ಎಸ್‌ಆರ್‌ಜಿಬಿ ಫೈಲು. ಇಳಕಲ್ ಸೀರೆಯ ಕೆಂಪು ನಿಮ್ಮ ಹೊಸ ಪರದೆಯ ಮೇಲೆ ಉರಿಯುತ್ತದೆ, ಪ್ರಿಂಟಿನಲ್ಲಿ ಮಂಕಾಗಿ ಬರುತ್ತದೆ, ಗಿರಾಕಿ ನಿಮ್ಮ ಮೇಲೆ ಸಿಟ್ಟಾಗುತ್ತಾರೆ. ಫೋಟೊಶಾಪಿನ ಬಣ್ಣದ ಸೆಟ್ಟಿಂಗ್ಸಿನಲ್ಲಿ ಎಸ್‌ಆರ್‌ಜಿಬಿ ಇಟ್ಟುಕೊಂಡು, ಲ್ಯಾಬಿಗೆ ಒಂದೇ ಒಂದು ಶೀಟು ಕಳಿಸಿ ಪರದೆ ಪಕ್ಕ ಹಿಡಿದು ನೋಡಿ. ಆಮೇಲೆ ಇಡೀ ಆಲ್ಬಂ ಕಳಿಸಿ.

ಎರಡನೆಯದು ಡಿಸ್ಕ್. 2017ರದನ್ನು ಬೇಡ ಎನ್ನಲು ಇದೂ ಒಂದು ಕಾರಣ. ಆ ಕಾಲದ ಹೆಚ್ಚಿನವು ಫ್ಯೂಷನ್ ಡ್ರೈವ್‌ನವು. ತಿರುಗುವ ಹಾರ್ಡ್ ಡಿಸ್ಕಿಗೆ ಸಣ್ಣದೊಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಜೋಡಿಸಿ, ಎರಡನ್ನೂ ಸೇರಿಸಿ ಒಂದೇ ಡಿಸ್ಕ್ ಎಂದು ತೋರಿಸುವ ಏರ್ಪಾಡು. 2012ರಲ್ಲಿ ಇದು ಬಂದಾಗ 1 ಟಿಬಿ ಡ್ರೈವಿನ ಜೊತೆ 128 ಜಿಬಿ ಎಸ್‌ಎಸ್‌ಡಿ ಇತ್ತು. 2015ರಲ್ಲಿ ಅದೇ 1 ಟಿಬಿಗೆ 24 ಜಿಬಿಗೆ ಇಳಿಯಿತು, 2017ರಲ್ಲಿ 32 ಜಿಬಿ. ಹೆಸರು ಅದೇ, ತೂಕ ಬೇರೆ. ವ್ಯಾಪಾರಿ ‘ಫ್ಯೂಷನ್ ಅದ, ಫಾಸ್ಟ್ ಅದ’ ಎಂದರೆ ಈ ಅಂಕಿ ನೆನಪಿಡಿ. ಒಂದು ಮದುವೆಯ ರಾ ಫೈಲುಗಳೇ (ಕ್ಯಾಮೆರಾದ ಕಚ್ಚಾ ಫೋಟೊಗಳು) 32 ಜಿಬಿ ದಾಟುತ್ತವೆ, ದಾಟಿದ ಮೇಲೆ ನೀವು ಕೆಲಸ ಮಾಡುವುದು ತಿರುಗುವ ಡಿಸ್ಕಿನ ವೇಗದಲ್ಲೇ. ಇನ್ನೂ ಮುಖ್ಯ ಮಾತು: ಎರಡರಲ್ಲಿ ಯಾವುದು ಕೆಟ್ಟರೂ ಎರಡರ ಮೇಲಿನ ಫೈಲುಗಳೂ ಕೈಗೆ ಸಿಗುವುದಿಲ್ಲ. ಎಸ್‌ಎಸ್‌ಡಿ ಹಾಕಿಸಬಹುದು, ಆದರೆ ಪರದೆಯ ಅಂಟು ಕೊಯ್ಯದೆ ಸಾಧ್ಯವಿಲ್ಲ. 48 ಸಾವಿರದ ಮೇಲೆ ಎಸ್‌ಎಸ್‌ಡಿ ಬೆಲೆ, ಕೂಲಿ, ಮೇಲೆ ಪರದೆಯ ಅಪಾಯ ಕೂಡಿಸಿ ನೋಡಿ.

2020ರ 27 ಇಂಚಿನದರಲ್ಲಿ ತಿರುಗುವ ಡಿಸ್ಕೇ ಇಲ್ಲ, ಎಲ್ಲ ಎಸ್‌ಎಸ್‌ಡಿ. ಒಳ್ಳೆಯದು. ಆದರೆ ಆ ಎಸ್‌ಎಸ್‌ಡಿ ಬೋರ್ಡಿಗೇ ಬೆಸೆದದ್ದು, ಟಿ2 ಅನ್ನುವ ಚಿಪ್ ಅದರ ಮೇಲಿನ ಎಲ್ಲವನ್ನೂ ಗೂಢಲಿಪಿಯಲ್ಲಿ ಇಟ್ಟಿರುತ್ತದೆ. ಬೋರ್ಡ್ ಹೋದರೆ ಆಲ್ಬಮ್ಮೂ ಹೋಯಿತು, ನನ್ನಂಥವನ ಹತ್ತಿರ ತಂದರೂ ಏನೂ ಮಾಡಲಾಗುವುದಿಲ್ಲ. ಎಂ4ಗೂ ಇದೇ ಮಾತು. ಯಾವುದನ್ನೇ ಕೊಂಡರೂ ಹೊರಗಿನ ಎರಡು ಡಿಸ್ಕಿನಲ್ಲಿ ಪ್ರತಿ ಇಡಿ, ಒಂದು ಸ್ಟುಡಿಯೊದಲ್ಲಿ, ಒಂದು ಮನೆಯಲ್ಲಿ.

ರ್‍ಯಾಮ್ ವಿಷಯದಲ್ಲಿ 27 ಇಂಚಿನವುಗಳಿಗೆ ಕೈ ಮುಗಿಯಬೇಕು. ಕರೆಂಟ್ ವೈರು ತೆಗೆದು ಆ ಸಾಕೆಟ್ಟಿನ ಒಳಗಿರುವ ಗುಂಡಿ ಒತ್ತಿದರೆ ಬೆನ್ನಿನಲ್ಲೊಂದು ಪುಟ್ಟ ಬಾಗಿಲು ತೆರೆಯುತ್ತದೆ, ನಾಲ್ಕು ಸ್ಲಾಟು. ಯಾರ ಸಹಾಯವೂ ಬೇಡ. 2020ರದು 128 ಜಿಬಿವರೆಗೆ ತೆಗೆದುಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಇದು ಯಾಕೆ ಬೇಕು ಅಂದರೆ, ಮೇಲೆ ಹೇಳಿದ ಒಂದು ಶೀಟು ಒಂದೇ ಪದರದಲ್ಲಿ ಸುಮಾರು 117 ಎಂಬಿ ಜಾಗ ತಿನ್ನುತ್ತದೆ. ಶೀಟಿನ ತುಂಬ ಹರಡಿದ ಹತ್ತು ಪದರ ಹಾಕಿದರೆ 1 ಜಿಬಿ ದಾಟಿತು. ನಾಲ್ಕು ಶೀಟು ಒಟ್ಟಿಗೆ ತೆರೆದಿಟ್ಟವರಿಗೆ 8 ಜಿಬಿ ಸಾಲದು. 2021ರ ಎಂ1 ಐಮ್ಯಾಕಿನಿಂದ ಮುಂದಕ್ಕೆ ಆ ಬಾಗಿಲೂ ಇಲ್ಲ. ಕೊಳ್ಳುವ ದಿನ ಎಷ್ಟೋ, ಕೊನೆಯವರೆಗೂ ಅಷ್ಟೇ. 2021ರ ಎಂ1 ಮತ್ತು 2023ರ ಎಂ3 ಎರಡೂ 8 ಜಿಬಿಯಿಂದ ಶುರುವಾಗುತ್ತಿದ್ದವು. 2024ರ ಎಂ4 16ರಿಂದ ಶುರು. ನನ್ನ ಮಟ್ಟಿಗೆ ಎಂ4 ಅನ್ನು ಹಿಂದಿನವುಗಳಿಂದ ಬೇರೆ ಮಾಡುವುದು ಪ್ರೊಸೆಸರಿಗಿಂತ ಈ 16.

ಈಗ ನಮ್ಮ ಬಿಸಿಲಿಗೆ ಬರೋಣ. ಐಮ್ಯಾಕ್ ಕೆಲಸ ಮಾಡಲು ಆ್ಯಪಲ್ ಹೇಳಿರುವ ಸುತ್ತಲಿನ ಉಷ್ಣತೆ 10ರಿಂದ 35 ಡಿಗ್ರಿ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 42 ಇರುತ್ತದೆ, ಕಾಂಕ್ರೀಟ್ ಛತ್ತಿನ ಕೆಳಗೆ ಮಧ್ಯಾಹ್ನ ಮೂರಕ್ಕೆ ಎಷ್ಟಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮದುವೆ ಸೀಸನ್ನೂ ಅದೇ. ಅಂದರೆ ಯಂತ್ರಕ್ಕೆ ಅತಿ ಹೆಚ್ಚು ಕೆಲಸ ಬೀಳುವುದು ಅದಕ್ಕೆ ಅತಿ ಕೆಟ್ಟ ಹವೆಯಲ್ಲಿ. ಇಂಟೆಲ್ ಐಮ್ಯಾಕುಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಪವರ್ ಸಪ್ಲೈ ಮೂರೂ ಪರದೆಯ ಬೆನ್ನಿಗೇ ಬಿಸಿ ಬಿಡುತ್ತ ಕೂತಿರುತ್ತವೆ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ‘ಜನವರಿಯಾಗ ಛಲೋ ಓಡ್ತಿತ್ತು, ಈಗ ಎಮ್ಮೆ ಆಗ್ಯದ’ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಕೋಣೆಯಲ್ಲಿ ಎಸಿ ಇದೆಯೇ ಎಂದು.

ನಿಮ್ಮದು ಶಹಾಬಾದ್. ಫರ್ಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಊರು. ಆ ಧೂಳು ಹಿಟ್ಟಿನಷ್ಟು ನುಣುಪು. 27 ಇಂಚಿನ ಐಮ್ಯಾಕ್ ಗಾಳಿಯನ್ನು ಕೆಳ ಅಂಚಿನ ಸಂದಿಗಳಿಂದ ಎಳೆದು, ಹಿಂದೆ ಸ್ಟ್ಯಾಂಡಿನ ಹತ್ತಿರ ಬಿಡುತ್ತದೆ. ಒಂದು ಕಲ್ಲು ಕಾರ್ಖಾನೆಯ ಆಫೀಸಿನಿಂದ ಬಂದದ್ದನ್ನು ಬಿಚ್ಚಿದಾಗ ಫ್ಯಾನಿನ ಬಾಯಿಗೆ ಬಿಳಿ ಧೂಳು ರೊಟ್ಟಿಯಂತೆ ಕಟ್ಟಿತ್ತು, ಚಾಕುವಿನಿಂದ ಎಬ್ಬಿಸಿ ತೆಗೆದೆ. ಹೊರಗಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ, ಇನ್ನೂ ಒಳಗೆ ಕೂರುತ್ತದೆ. ಸ್ವಚ್ಛ ಮಾಡಬೇಕೆಂದರೆ ಮತ್ತೆ ಅಂಟು ಕೊಯ್ಯಬೇಕು. ಎಂ ಸರಣಿಯವುಗಳಲ್ಲೂ ಫ್ಯಾನ್ ಇದೆ, ಪರದೆ ಅಂಟಿಸಿದ್ದೇ. ಆದರೆ ಚಿಪ್ಪು ತಿನ್ನುವ ಕರೆಂಟು ಬಹಳ ಕಡಿಮೆ, ಆದ್ದರಿಂದ ಬಿಸಿ ಕಡಿಮೆ, ಫ್ಯಾನ್ ಎಳೆಯುವ ಗಾಳಿ ಕಡಿಮೆ, ಗಾಳಿಯ ಜೊತೆ ಬರುವ ಧೂಳೂ ಕಡಿಮೆ.

ಇನ್ನೊಂದು ಸಂಗತಿಗೆ ಯಾರೂ ಗಮನ ಕೊಡುವುದಿಲ್ಲ. ಹಳೆಯ ಮೂರರಲ್ಲೂ ಪವರ್ ಸಪ್ಲೈ ಹೊಟ್ಟೆಯೊಳಗಿದೆ. 2021ರಿಂದ ಅದನ್ನು ಹೊರಗೆ ತೆಗೆದು 143 ವ್ಯಾಟಿನ ಅಡಾಪ್ಟರ್ ಮಾಡಿದ್ದಾರೆ, ಅಯಸ್ಕಾಂತದ ವೈರಿನಿಂದ ಬೆನ್ನಿಗೆ ಅಂಟಿಕೊಳ್ಳುತ್ತದೆ. ತೆಳು ಮಾಡಲು ಹಾಗೆ ಮಾಡಿದರು, ಮೈ 11.5 ಮಿಲಿಮೀಟರ್ ಆಯಿತು. ಆದರೆ ಮೊದಲ ಮಳೆಯ ಸಿಡಿಲಿಗೆ, ಕರೆಂಟ್ ಹೋಗಿ ಬರುವಾಗಿನ ಏಟಿಗೆ ಮೊದಲು ಮೈಯೊಡ್ಡುವುದು ಪವರ್ ಸಪ್ಲೈ. ಅದು ಹೊರಗಿದ್ದರೆ ಅಡಾಪ್ಟರ್ ಬದಲಿಸಿ ಸಂಜೆಗೆ ಕೆಲಸ ಶುರು. ಒಳಗಿದ್ದರೆ ಪರದೆ ಬಿಚ್ಚುವ ಕೆಲಸ. ಇಷ್ಟೆಲ್ಲ ಬಾಗಿಲು ಮುಚ್ಚಿದವರು ನಮಗೆ ಬಹಳ ಬೇಕಾಗಿದ್ದ ಒಂದನ್ನು ತೆರೆದಿದ್ದಾರೆ. ಹಾಗೆಂದು ಯುಪಿಎಸ್ ಬಿಡಬೇಡಿ, ಸೈನ್ ವೇವ್ ಇರುವುದನ್ನೇ ಹಾಕಿ.

ಮ್ಯಾಕ್ ನಡೆಸುವ ತಂತ್ರಾಂಶವಾದ ಮ್ಯಾಕ್‌ಓಎಸ್ ವಿಷಯದಲ್ಲಿ ಲೆಕ್ಕ ನೇರ. 2013ರದು ಕ್ಯಾಟಲಿನಾ ಅನ್ನುವ ಆವೃತ್ತಿಗೆ ನಿಂತಿತು, 2017ರದು ವೆಂಚುರಾಕ್ಕೆ. 2020ರ 27 ಇಂಚಿನದು 2025ರಲ್ಲಿ ಬಂದ ಟಾಹೊವರೆಗೆ ಬರುತ್ತದೆ, ಇಂಟೆಲ್ ಯಂತ್ರಗಳಿಗೆ ಅದೇ ಕೊನೆಯದು ಎಂದು ಆ್ಯಪಲ್ಲೇ ಹೇಳಿದೆ. ಹೊಸ ಫೋಟೊಶಾಪ್ ಹೊಸ ಮ್ಯಾಕ್‌ಓಎಸ್ ಕೇಳುತ್ತದೆ, ಹಾಗಾಗಿ ಇದು ಹೊಟ್ಟೆಪಾಡಿನ ಪ್ರಶ್ನೆ. ವ್ಯಾಪಾರಿ 2017ರದರಲ್ಲಿ ಹೊಸ ಮ್ಯಾಕ್‌ಓಎಸ್ ಓಡಿಸಿ ತೋರಿಸಿದರೆ ಅದು ಓಪನ್‌ಕೋರ್ ಲೆಗಸಿ ಪ್ಯಾಚರ್ ಹಾಕಿದ್ದು, ಆ್ಯಪಲ್ ಕೈಬಿಟ್ಟ ಯಂತ್ರದಲ್ಲಿ ಹೊಸ ಮ್ಯಾಕ್‌ಓಎಸ್ ಕೂರಿಸುವ ಹೊರಗಿನವರ ತಂತ್ರಾಂಶ. ಮನೆಯಲ್ಲಿ ಕಲಿಯುವವರಿಗೆ ಅದು ಒಳ್ಳೆಯ ಸಾಧನ. ನಾಳೆ ಬೆಳಗ್ಗೆ ಆಲ್ಬಂ ಕೊಡಬೇಕಾದವರು ಅದರ ಮೇಲೆ ನಿಲ್ಲಬಾರದು.

ಕನ್ನಡದ ಮಾತು. ನುಡಿ, ಪೇಜ್‌ಮೇಕರ್ ಎರಡನ್ನೂ ನೀವು ವಿಂಡೋಸ್ ಮೇಲೆ ನಡೆಸುತ್ತಿದ್ದೀರಿ. ಇಂಟೆಲ್ ಐಮ್ಯಾಕಿನಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ 10 ಹಾಕಿ ಅವನ್ನೇ ಓಡಿಸಬಹುದು. 2020ರದನ್ನು ಕೊಳ್ಳಲು ಇರುವ ಗಟ್ಟಿ ಕಾರಣ ಇದೊಂದೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂ ಸರಣಿಯಲ್ಲಿ ಬೂಟ್ ಕ್ಯಾಂಪ್ ಇಲ್ಲವೇ ಇಲ್ಲ. ಪ್ಯಾರಲಲ್ಸ್‌ನಂಥ ತಂತ್ರಾಂಶದೊಳಗೆ ಇಂಥ ಚಿಪ್ಪಿಗೆಂದೇ ಮಾಡಿದ ಆರ್ಮ್ ವಿಂಡೋಸ್ ಓಡುತ್ತದೆ, ಹಳೆಯ ಪ್ರೋಗ್ರಾಮುಗಳೂ ಅನೇಕ ಓಡುತ್ತವೆ, ಆದರೆ ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಹಳೆಯ ತಂತ್ರಾಂಶಗಳ ಡ್ರೈವರ್ ಅಲ್ಲಿ ಕೂರುವುದಿಲ್ಲ. ನಿಮ್ಮ ಹತ್ತಿರ ಹಳೆಯ ಪಿಸಿ ಇದೆಯಲ್ಲ, ಲಗ್ನಪತ್ರಿಕೆಯನ್ನು ಅದರಲ್ಲೇ ಮುಂದುವರಿಸಿ. ಆಲ್ಬಮ್ಮಿನಲ್ಲಿ ವಧೂವರರ ಹೆಸರು ಬರೆಯಲು ಮ್ಯಾಕಿನಲ್ಲೇ ಯೂನಿಕೋಡ್ ಕನ್ನಡ ಕೀಬೋರ್ಡ್ ಇದೆ, ಕನ್ನಡ ಸಂಗಂ, ನೋಟೊ ಫಾಂಟುಗಳಿವೆ. ಮುಂದೆ ಪತ್ರಿಕೆಯನ್ನೂ ಪುಟವಿನ್ಯಾಸದ ಇಂಡಿಸೈನಿಗೆ ತರುವಾಗ ಪ್ಯಾರಾಗ್ರಾಫಿಗೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಅದನ್ನು ಮರೆತರೆ ಒತ್ತಕ್ಷರ ಕೆಳಗೆ ಕೂರದೆ ಒಡೆದು ನಿಲ್ಲುತ್ತದೆ. ‘ಶ್ರೀ’ ಒಡೆದ ಲಗ್ನಪತ್ರಿಕೆಯನ್ನು ಯಾರೂ ದೇವರ ಮುಂದೆ ಇಡುವುದಿಲ್ಲ.

ಎಂ4ರಲ್ಲಿ ನಿಮಗೆ ಕಿರಿಕಿರಿ ಆಗುವುದು ಎರಡು. ಎಸ್‌ಡಿ ಕಾರ್ಡ್ ಹಾಕುವ ಜಾಗ ಇಲ್ಲ, ಹಳೆಯ ಮೂರರಲ್ಲೂ ಇದೆ. ಹಳೆಯ ಅಗಲ ಯುಎಸ್‌ಬಿ ಇಲ್ಲ, ಎಲ್ಲ ಸಿ. ಒಂದು ಹಬ್ ಕೊಂಡರೆ ಎರಡೂ ತೀರುತ್ತದೆ. 1,34,900ಕ್ಕೆ ಬರುವುದರಲ್ಲಿ 256 ಜಿಬಿ ಡಿಸ್ಕ್ ಮಾತ್ರ, ಅದಕ್ಕೆ ಹೊರಗಿನ 1 ಟಿಬಿ ಎಸ್‌ಎಸ್‌ಡಿ ಲೆಕ್ಕ ಹಿಡಿದುಕೊಳ್ಳಿ. ನಡೆಯುತ್ತಿರುವ ಆಲ್ಬಂ ಅದರ ಮೇಲೆ, ಮುಗಿದದ್ದು ಹಳೆ ಡಿಸ್ಕುಗಳ ಮೇಲೆ.

85 ಸಾವಿರದ 2020ರದಕ್ಕೆ ಯಾಕೆ ಒಲ್ಲೆ ಎಂದರೆ, ಅದರಲ್ಲಿ ಹಳೆಯದರ ಬಿಸಿ ಇದೆ, ಹೊಸದರ ಬೆಸುಗೆಯೂ ಇದೆ. ಬಿಚ್ಚಲಾರದ ಯಂತ್ರವನ್ನೇ ಕೊಳ್ಳುವುದಾದರೆ ವಾರಂಟಿ ಇರುವ, ತಂಪಾಗಿ ಓಡುವ, ಪವರ್ ಹೊರಗಿರುವ ಯಂತ್ರ ಕೊಳ್ಳಿ. ಅಷ್ಟು ಹಣ ಈಗ ಆಗುವುದಿಲ್ಲ ಎಂದಾದರೆ 16 ಜಿಬಿಯ ಎಂ1 ಸೆಕೆಂಡ್ ಹ್ಯಾಂಡ್ ಹುಡುಕಿ. 8 ಜಿಬಿಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ‘ಅಬೌಟ್ ದಿಸ್ ಮ್ಯಾಕ್’ ತೆರೆದು ಕಣ್ಣಾರೆ ನೋಡಿ.

ಸೆಕೆಂಡ್ ಹ್ಯಾಂಡ್ ಯಾವುದನ್ನೇ ನೋಡಲು ಹೋದರೂ ಹಣ ಕೊಡುವ ಮೊದಲು ಅದನ್ನು ಪೂರ್ತಿ ಅಳಿಸಿ, ಇಂಟರ್‌ನೆಟ್ಟಿಗೆ ಜೋಡಿಸಿ, ಹೊಸದಾಗಿ ಶುರು ಮಾಡಿಸಿ. ಹಿಂದಿನ ಮಾಲೀಕರ ಖಾತೆಯ ಪಾಸ್‌ವರ್ಡ್ ಕೇಳಿದರೆ, ಅಥವಾ ಯಾವುದೋ ಕಂಪನಿ ಇದನ್ನು ನಿರ್ವಹಿಸುತ್ತದೆ ಎಂಬ ಪುಟ ಬಂದರೆ, ಎದ್ದು ಬನ್ನಿ. ಬೀದರಿನ ನನ್ನ ಪರಿಚಯದವರೊಬ್ಬರು ಹೀಗೆ ನೋಡದೆ ತಂದರು. ನಾಲ್ಕು ತಿಂಗಳ ಮೇಲೆ ಮ್ಯಾಕ್‌ಓಎಸ್ ಹೊಸದಾಗಿ ಹಾಕಿದಾಗ ಯಾವುದೋ ಊರಿನ ಆಫೀಸಿನ ಲಾಗಿನ್ ಕೇಳಿತು. ಮಾರಿದ ಅಂಗಡಿಯವರು ಫೋನ್ ಎತ್ತಲಿಲ್ಲ. ಆಮೇಲೆ ಪೂರ್ತಿ ಬಿಳಿ ಚಿತ್ರವೊಂದನ್ನು ಪರದೆ ತುಂಬ ತೆರೆದು ನಾಲ್ಕೂ ಮೂಲೆ ನೋಡಿ, ಹಳದಿ ಅಥವಾ ಗುಲಾಬಿ ಛಾಯೆ ಇದ್ದರೆ ಬಿಡಿ. ಅರ್ಧ ಗಂಟೆ ವಿಡಿಯೊ ರೆಂಡರ್ ಹಚ್ಚಿ, ಫ್ಯಾನಿನ ಸದ್ದು ಕೇಳಿ.

ತಂದ ಮೇಲೆ ಸ್ಟುಡಿಯೊದಲ್ಲಿ ರಸ್ತೆ ಕಡೆ ಬಾಗಿಲಿನಿಂದ ದೂರ, ನೆಲದಿಂದ ಎತ್ತರದಲ್ಲಿ ಇಡಿ. ರಾತ್ರಿ ಬಟ್ಟೆ ಹೊದಿಸುವುದಾದರೆ ಪೂರ್ತಿ ಬಂದ್ ಮಾಡಿದ ಮೇಲೆ ಹೊದಿಸಿ, ನಿದ್ದೆಯಲ್ಲಿಟ್ಟು ಹೊದಿಸಬೇಡಿ. ಎಂ1 ಸಿಕ್ಕರೆ ಅದರ ಸೀರಿಯಲ್ ನಂಬರ್ ಮತ್ತು ‘ಅಬೌಟ್ ದಿಸ್ ಮ್ಯಾಕ್’ ಪುಟದ ಫೋಟೊ ಕಳಿಸಿ, ಮುಂಗಡ ಕೊಡುವ ಮೊದಲೇ ನೋಡಿ ಹೇಳುತ್ತೇನೆ.